ಒಳಗೆ ಬಾರದ ಯಜಮಾನರು

ರಾಜಾಜಿನಗರದಲ್ಲಿ ನಮ್ಮ ತಾತ ಸ್ವಂತ ಮನೆ ಕಟ್ಟಿಸಿದ್ದಕ್ಕೆ ಬೇಕಾದಷ್ಟು ಸಾಕ್ಷಿಗಳಿವೆ. ಆ ಮನೆಯೊಳಗೆ ಅವರು ವಾಸ ಮಾಡಿದ್ದಕ್ಕೆ ಮಾತ್ರ ಒಂದೂ ಸಾಕ್ಷಿ ಸಿಗುವುದಿಲ್ಲ! ಹೆಂಡತಿಯೇ ಆಚೆ ಹಾಕಿದ್ದಾಳೇನೋ ಎಂದು ಹೊಸದಾಗಿ ಬಂದ ನೆರೆಯವರು ಪಿಸುಗುಟ್ಟುತ್ತಿದ್ದರಂತೆ. ಪಾಪ, ಅವರದೇನು ತಪ್ಪು? ಯಾವಾಗ ನೋಡಿದರೂ ಯಜಮಾನರು ಅಂಗಳದ ಹೊಂಗೆ ಮರದ ಕೆಳಗೆ, ಹಗ್ಗದ ಮಂಚದ ಮೇಲೆ!

ಐವತ್ತರ ದಶಕದ ಮಾತಿದು. ಬಡಾವಣೆ ಆಗಿನ್ನೂ ಕಣ್ಣು ಬಿಡುತ್ತಿತ್ತು. ಸೈಟಿನ ಕಲ್ಲುಗಳ ನಡುವೆಯೇ ರಾಗಿ ಬೆಳೆಯುತ್ತಿತ್ತು. ತಾತ ಹುಟ್ಟಿದ್ದು, ಉತ್ತದ್ದು ಎಲ್ಲ ಆ ನೆಲದಲ್ಲೇ. ಹೊಲ ಬಡಾವಣೆಗೆ ಹೋದ ಮೇಲೆ ಅಲ್ಲೇ ಮನೆ ಕಟ್ಟಿಸಿದ್ದು ಅಜ್ಜಿಯ ಆಸೆಗೆ. ಸೋರುವ ಗುಡಿಸಲಲ್ಲಿ ಮಕ್ಕಳನ್ನು ಸಾಕಿದ ಅಜ್ಜಿಗೆ ಒಂದು ತಾರಸಿ ಮನೆ ಬೇಕಿತ್ತು. ಅದರ ನಡುಮನೆಯಲ್ಲಿ ಗಂಡನನ್ನು ಮಣೆಯ ಮೇಲೆ ಕೂರಿಸಿ ಊಟ ಬಡಿಸಬೇಕಿತ್ತು. ಮನೆಯೇನೋ ಎದ್ದು ನಿಂತಿತು. ಗಂಡ ಕೂರಬೇಕಲ್ಲ?

ಗೃಹಪ್ರವೇಶದ ದಿನವೇ ಅಪಶಕುನವಾಯಿತು. ಮೊದಲು ಹಸುವನ್ನು ಒಳಗೆ ಕರೆತಂದು, ಆಮೇಲೆ ದಂಪತಿ ಬಲಗಾಲಿಡುವುದು ಪದ್ಧತಿ. ನಮ್ಮ ಗೌರಿ ಒಳಗೇನೋ ಬಂದಳು. ಆದರೆ ಫಳಫಳ ಹೊಳೆಯುವ ಕೆಂಪು ಗಾರೆ ನೆಲ ಕಂಡು ಬೆದರಿ, ಎದುರಿಗೇ ತೆರೆದಿದ್ದ ಹಿತ್ತಿಲ ಬಾಗಿಲಿನಿಂದ ಓಟ ಕಿತ್ತಳು. “ತಡಿಯೇ ತಾಯಿ!” ಎನ್ನುತ್ತಾ ತಾತ ಅವಳ ಹಿಂದೆ. ಅಜ್ಜಿ ಕಳಶ ಹಿಡಿದು ಹೊಸ್ತಿಲಲ್ಲೇ ಬಾಕಿ! ಹಸು ಬೇಗ ಸಿಕ್ಕಿತಂತೆ, ತಾತನೇ ಸಿಗಲಿಲ್ಲ. ಹಾಲು ಉಕ್ಕಿ ಆರಿದ ಮೇಲೂ ಅವರ ಸುಳಿವಿಲ್ಲ.

“ಯಜಮಾನ್ರು ಎಲ್ಲಮ್ಮಾ?” ಎಂದು ಪುರೋಹಿತರು ಕೇಳಿದರು.

“ಹಸು ಹಿಂದೇನೇ ಒಳಗೆ ಬಂದ್ರು, ಹಸು ಹಿಂದೇನೇ ಆಚೆ ಹೋದ್ರು ಸ್ವಾಮಿ. ಪ್ರವೇಶ ಆದಂಗೇ ಅಲ್ವಾ?” ಎಂದರು ಅಜ್ಜಿ.

ಪುರೋಹಿತರಿಗೂ ಹಸಿವಾಗಿತ್ತು. ಆಯಿತೆಂದು ತಲೆಯಾಡಿಸಿಬಿಟ್ಟರು.

ಅಂದಿನಿಂದ ದಿನಾ ಇದೇ ಸಂಭಾಷಣೆ. ಅಜ್ಜಿ ನಡುಮನೆಯ ಗೋಡೆಯ ಪಕ್ಕ ಮಣೆ ಹಾಕಿ, ಬಾಗಿಲಿಗೆ ಬಂದು ಕರೆಯುವರು: “ಮಣೆ ಹಾಕಿದೀನಿ, ಬನ್ನಿ ಒಳಗೆ.”

“ಒಳಗೆ ಉಸಿರು ಕಟ್ಟುತ್ತೆ ಕಣೇ. ಇಲ್ಲಿಗೇ ತಂದ್ಬಿಡು.”

ತಟ್ಟೆ ಆಚೆ ಹೋಗುತ್ತಿತ್ತು. ಮಣೆ ಒಳಗೇ ಇರುತ್ತಿತ್ತು. ನಾವು ಮೊಮ್ಮಕ್ಕಳು ಅದರ ಮೇಲೆ ಕೂತರೆ ಅಜ್ಜಿಯ ಸಿಟ್ಟು ನೆತ್ತಿಗೇರುತ್ತಿತ್ತು.

ಸ್ನಾನಕ್ಕಾದರೂ ಒಳಗೆ ಬರುತ್ತಿದ್ದರೇ? ಊಹೂಂ! ಅಪ್ಪ ಮುತುವರ್ಜಿಯಿಂದ ಕಟ್ಟಿಸಿದ ಬಚ್ಚಲುಮನೆಯನ್ನು ಇಣುಕಿ ನೋಡಿ, “ಚೆನ್ನಾಗಿದೆ, ಕೋಳಿ ಸಾಕ್ಬೋದು” ಎಂದು ಹೇಳಿ, ಟವಲು ಹೆಗಲಿಗೆ ಹಾಕಿಕೊಂಡು ವೃಷಭಾವತಿ ಹೊಳೆಗೆ ಹೊರಟುಬಿಡುತ್ತಿದ್ದರು. ನಂಬುತ್ತೀರೋ ಇಲ್ಲವೋ, ಆಗ ಆ ನೀರಿನಲ್ಲಿ ಮುಖ ಕಾಣುತ್ತಿತ್ತು!

ಮಳೆಗಾಲದಲ್ಲಿ ಸೋಲುತ್ತಾರೆಂದು ಅಜ್ಜಿ ಕಾದರು. ಒಂದು ಮಧ್ಯಾಹ್ನ ಮುದ್ದೆ ಮುರಿಯುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ತಾತ ತಲೆಗೊಂದು ಗೋಣಿಚೀಲ ಹೊದ್ದು ಅಲ್ಲೇ ಕೂತರು. ಅಜ್ಜಿ ಬೈಯುತ್ತಲೇ ಹೋಗಿ ಅವರ ನೆತ್ತಿಗೆ ಕೊಡೆ ಹಿಡಿದರು. ತಾವು ಪೂರ್ತಿ ನೆನೆದರು. ತಾತ ತಟ್ಟೆ ನೋಡಿ, “ಇವತ್ತು ಸಾರು ಧಾರಾಳವಾಗಿದೆ ಕಣೇ. ನೀನು ಬಡಿಸಿದ್ದು ಅರ್ಧ, ಮೇಲಿರೋನು ಬಡಿಸಿದ್ದು ಅರ್ಧ!” ಎಂದರು. ಅಜ್ಜಿಗೆ ನಗಬಾರದೆಂದಿದ್ದರೂ ನಗು ಬಂದುಬಿಟ್ಟಿತು.

ನಮ್ಮತ್ತೆಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಅಜ್ಜಿ ಕೈ ಮುಗಿದೇ ಕೇಳಿದರು: “ಇವತ್ತೊಂದಿನ ಒಳಗೆ ಕೂತ್ಕೊಳ್ಳಿ. ಹೆಣ್ಣಿನ ಅಪ್ಪ ಮರದ ಕೆಳಗಿದ್ರೆ ಅವರೇನಂದ್ಕೋತಾರೆ?”

ತಾತ ಒಗೆದ ಪಂಚೆಯುಟ್ಟು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಕಾಫಿ ಬರುವಷ್ಟರಲ್ಲಿ ಕುರ್ಚಿ ಖಾಲಿ! ಅದಾದರೂ ಹೋಗಲಿ, ಪಕ್ಕದ ಕುರ್ಚಿಯೂ ಖಾಲಿ! ಗಂಡಿನ ಅಪ್ಪ ತಾತನ ಮಂಚದ ಮೇಲೆ ರುಮಾಲು ಬಿಚ್ಚಿಟ್ಟು ಕಬ್ಬು ಸಿಗಿಯುತ್ತಿದ್ದರು. ಹಿರಿಯರೆಲ್ಲ ಒಬ್ಬೊಬ್ಬರಾಗಿ ಅಲ್ಲಿಗೇ ಜಾರಿಕೊಂಡರು. ಮಾತುಕತೆ ಮರದಡಿಯಲ್ಲೇ ಮುಗಿಯಿತು. ಒಳಗೆ ಹುಡುಗ ಹುಡುಗಿ ಇಬ್ಬರೇ ಉಳಿದು ಸಾವಧಾನವಾಗಿ ಮುಖ ನೋಡಿಕೊಂಡರು. “ಅಪ್ಪ ಒಳಗೇ ಕೂತಿದ್ದಿದ್ರೆ ನಾನು ತಲೆ ಎತ್ತುತಿದ್ನೇನೇ?” ಎಂದು ಅತ್ತೆ ಇಂದಿಗೂ ನಗುತ್ತಾರೆ.

ಆಮೇಲೆ ಕೆಲವು ವರ್ಷಕ್ಕೆ, ಹೊಂಗೆ ಹೂ ಉದುರುವ ಕಾಲದಲ್ಲಿ ಒಂದು ಬೆಳಿಗ್ಗೆ ತಾತ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, ಮರಕ್ಕೆ ಒರಗಿದರು. ಅಜ್ಜಿ ಲೋಟ ತೆಗೆದುಕೊಳ್ಳಲು ಹೋದಾಗ ಅವರು ಏಳಲಿಲ್ಲ.

ಬೀದಿಯ ಹಿರಿಯರು ಬಂದರು. ಅಂಗಳದಲ್ಲೇ ಮಲಗಿಸೋಣ, ಪದ್ಧತಿಯೂ ಅದೇ, ಅವರಿಗೆ ಇಷ್ಟವಾದ ಜಾಗವೂ ಅದೇ ಎಂದರು. ಅಜ್ಜಿ ಎದ್ದು ನಿಂತರು.

“ಬದುಕಿರೋವರ್ಗೂ ಆಚೆನೇ ಇದ್ರು. ಇವತ್ತು ಒಳಗೆ ಮಲಗ್ಸಿ.”

“ಶಾಸ್ತ್ರ ಒಪ್ಪಲ್ಲ ಕಣಮ್ಮಾ” ಎಂದರು ಒಬ್ಬರು.

“ಗೃಹಪ್ರವೇಶದ ಶಾಸ್ತ್ರಕ್ಕೇ ಅವರು ನಿಲ್ಲಲಿಲ್ಲ. ಈಗ್ಯಾವ ಶಾಸ್ತ್ರ ಹೇಳ್ತೀರಿ?”

ದಿನವೂ ಮಣೆ ಹಾಕುತ್ತಿದ್ದ ಆ ಗೋಡೆಯ ಪಕ್ಕದಲ್ಲೇ ತಾತನನ್ನು ಮಲಗಿಸಿದರು. ಅಜ್ಜಿ ಹತ್ತಿರ ಕೂತು ಅವರ ಕೂದಲಿನಿಂದ ಹೊಂಗೆ ಹೂಗಳನ್ನು ಒಂದೊಂದಾಗಿ ತೆಗೆದರು. ನನಗೆ ಅಳು ತಡೆಯಲಾಗಲಿಲ್ಲ. ಅಜ್ಜಿ ಮಾತ್ರ ಅಳಲಿಲ್ಲ. ಸುತ್ತ ಗೋಡೆಗಳನ್ನು ಒಮ್ಮೆ ನೋಡಿ, ಸೆರಗಿನಿಂದ ತಾತನಿಗೆ ಗಾಳಿ ಹಾಕತೊಡಗಿದರು.

“ಯಾರಾದ್ರೂ ಆ ಕಿಟಕಿ ಬಾಗಿಲೆಲ್ಲಾ ತೆಗೀರಿ” ಎಂದರು. “ಅವರಿಗೆ ಉಸಿರು ಕಟ್ಟುತ್ತೆ.”