ಸಮಾನತಾ ಅಧಿಕಾರಿಯ ಕಾಳಜಿ

ಕೆಟ್ಟದ್ದು ಮಾಡುವವರಿಂದ ಹೇಗಾದರೂ ತಪ್ಪಿಸಿಕೊಳ್ಳಬಹುದು. ನಿಮಗೆ ಒಳ್ಳೆಯದು ಮಾಡಿಯೇ ತೀರುತ್ತೇನೆಂದು ಹಟ ತೊಟ್ಟವರ ಕೈಗೆ ಸಿಕ್ಕರೆ ಮಾತ್ರ ಬಿಡುಗಡೆಯಿಲ್ಲ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಸಿಕ್ಕಿಬಿದ್ದವನ ಅನುಭವವೆಂದು ತಿಳಿದು ಯಾರೂ ಮರುಗಬೇಕಾಗಿಲ್ಲ, ಹಟ ತೊಟ್ಟವನು ನಾನೇ. ಹುಟ್ಟಿದಂದಿನಿಂದ ನಾನು ಹೆಂಗಸರ ವಿಷಯದಲ್ಲಿ ಬಹಳ ಕಾಳಜಿಯುಳ್ಳವನು. ಬಸ್ಸಿನಲ್ಲಿ ಎದ್ದು ಜಾಗ ಬಿಟ್ಟುಕೊಡುತ್ತೇನೆ, ನನ್ನ ನಿಲ್ದಾಣ ಹತ್ತಿರ ಬಂದಿದ್ದರಂತೂ ಖಂಡಿತ ಬಿಟ್ಟುಕೊಡುತ್ತೇನೆ.

ನಾನು ಕೆಲಸ ಮಾಡುವುದು ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ. ಕೇಂದ್ರ ಕಚೇರಿ ಹಿಮ ಬೀಳುವ ಯಾವುದೋ ಊರಿನಲ್ಲಿದೆ, ನಮ್ಮ ಶಾಖೆ ಜಯಲಕ್ಷ್ಮಿಪುರಂನ ಒಂದು ಬಾಡಿಗೆ ಮನೆಯಲ್ಲಿದೆ. ಹಳ್ಳಿಗಳಿಗೆ ಶುದ್ಧ ಕುಡಿಯುವ ನೀರು ಒದಗಿಸುವುದು ನಮ್ಮ ಕೆಲಸ, ಆಡಳಿತಾಧಿಕಾರಿಯಾಗಿ ಅದರ ಕಡತಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮನೆಯ ಹಜಾರದಲ್ಲಿ ನಮ್ಮ ನಿರ್ದೇಶಕರು ಪ್ರಸನ್ನಕುಮಾರ್ ಕೂರುತ್ತಾರೆ, ಮಲಗುವ ಕೋಣೆಯಲ್ಲಿ ನಾನು, ಹಿಂದೆ ಅಡುಗೆಮನೆಯಾಗಿದ್ದ ಕೋಣೆಯಲ್ಲಿ ಮಹಿಳಾ ಸಿಬ್ಬಂದಿ. ಇದರಲ್ಲಿ ಯಾರೂ ತಪ್ಪು ಹುಡುಕಬಾರದು. ಅಲ್ಲಿ ಗಾಳಿ ಬೆಳಕು ಚೆನ್ನಾಗಿದೆಯೆಂದು ನಾನೇ ಆರಿಸಿಕೊಟ್ಟದ್ದು.

ಎರಡು ವರ್ಷದ ಹಿಂದೆ ಹಿಮದ ಊರಿನಿಂದ ಒಂದು ಸುತ್ತೋಲೆ ಬಂತು. ಸಂಸ್ಥೆಯ ಎಲ್ಲ ಕೆಲಸಗಳಲ್ಲೂ ಲಿಂಗ ಸಮಾನತೆ ತರಬೇಕು, ಅದಕ್ಕೆ ಪ್ರತಿ ಶಾಖೆಯೂ ಒಬ್ಬ ಸಮಾನತಾ ಅಧಿಕಾರಿಯನ್ನು ನೇಮಿಸಬೇಕು ಎಂದಿತ್ತು. ತಕ್ಷಣ ಸಭೆ ಸೇರಿದೆವು. ನಾವು ಐವರು ಗಂಡಸರಿದ್ದೆವು. ಹೆಂಗಸರನ್ನು ಕರೆಯಬಾರದೆಂದೇನೂ ಇರಲಿಲ್ಲ, ಅವತ್ತು ವಾರ್ಷಿಕ ವರದಿ ಕಳುಹಿಸಬೇಕಾಗಿದ್ದರಿಂದ ಅವರು ಅದನ್ನು ಬರೆಯುತ್ತಿದ್ದರು. "ಅವರಿಗೆ ಈಗಾಗ್ಲೇ ಕೈತುಂಬ ಕೆಲಸ. ಈ ಸಮಾನತೆ ಹೊರೆ ಬೇರೆ ಅವರ ತಲೆ ಮೇಲೆ ಯಾಕೆ ಹಾಕೋದು? ನೀವೇ ನೋಡ್ಕೊಳ್ಳಿ ಕಣ್ರೀ," ಎಂದರು ಪ್ರಸನ್ನಕುಮಾರ್. ನಾನು ಒಪ್ಪಿಕೊಂಡೆ. ಬೆಂಗಳೂರಿನ ಒಂದು ಹೋಟೆಲಿನಲ್ಲಿ ಮೂರು ದಿನ ತರಬೇತಿ ಪಡೆದೆ. ಬರುವಾಗ ಒಂದು ಪ್ರಮಾಣಪತ್ರವನ್ನೂ ಒಂದು ಸೆಣಬಿನ ಚೀಲವನ್ನೂ ಕೊಟ್ಟರು. ಚೀಲ ಗಟ್ಟಿಯಾಗಿದೆ, ದೇವರಾಜ ಮಾರುಕಟ್ಟೆಯಿಂದ ತರಕಾರಿ ತರಲು ವಿಶಾಲಾಕ್ಷಿ ಈಗಲೂ ಅದನ್ನೇ ಒಯ್ಯುತ್ತಾಳೆ. ವಿಶಾಲಾಕ್ಷಿ ನನ್ನ ಹೆಂಡತಿ, ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುತ್ತಾಳೆ.

ಅಧಿಕಾರ ಸಿಕ್ಕಮೇಲೆ ನಾನು ಸುಮ್ಮನೆ ಕೂರಲಿಲ್ಲ. ಗೋಡೆಗಳಿಗೆ ಭಿತ್ತಿಪತ್ರ ಅಂಟಿಸಿದೆ. ಮಹಿಳಾ ದಿನಾಚರಣೆಗೆ ರಂಗೋಲಿ ಸ್ಪರ್ಧೆ ಇಟ್ಟೆ, ವಿಷಯ ಲಿಂಗ ಸಮಾನತೆ, ಬಹುಮಾನ ಹಾಟ್‌ಬಾಕ್ಸು. ತೀರ್ಪುಗಾರರು ಪ್ರಸನ್ನಕುಮಾರ್ ಮತ್ತು ನಾನು. ಇಬ್ಬರಿಗೂ ನೆಟ್ಟಗೆ ಒಂದು ಎಳೆ ಹಾಕಲು ಬರುವುದಿಲ್ಲ, ಆದ್ದರಿಂದ ಪಕ್ಷಪಾತದ ಭಯವಿರಲಿಲ್ಲ. ನಮ್ಮ ಕ್ಷೇತ್ರ ಸಹಾಯಕಿ ಮಂಗಳಗೌರಿ ಒಂದು ದೊಡ್ಡ ತಕ್ಕಡಿ ಬಿಡಿಸಿದ್ದರು. ಒಂದು ತಟ್ಟೆ ಮೇಲೆ, ಇನ್ನೊಂದು ಕೆಳಗೆ. ಎರಡೂ ಸಮನಾಗಿಲ್ಲವೆಂದು ನಾನು ಎರಡು ಅಂಕ ಕಳೆದೆ. "ಇರಾದ್ನ ನೋಡ್ಕಂಡೇ ಬುಟ್ಟಿವ್ನಿ ಸಾರ್," ಎಂದರು ಆಕೆ. ನನಗೆ ಅರ್ಥವಾಗಲಿಲ್ಲ. ಹಾಟ್‌ಬಾಕ್ಸು ಬೇರೆಯವರ ಪಾಲಾಯಿತು.

ಮಂಗಳಗೌರಿಯ ಬಗ್ಗೆ ಇಷ್ಟು ಹೇಳಬೇಕು. ಕೆ.ಆರ್.ಎಸ್. ರಸ್ತೆಯ ಕಡೆಯ ಬೇಸಾಯದ ಮನೆಯ ಹೆಣ್ಣುಮಗಳು, ಈಗ ಮೇಟಗಳ್ಳಿಯಲ್ಲಿ ಸಂಸಾರ. ಗಂಡನಿಗೆ ಹೆಬ್ಬಾಳದ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಯಾವ ಹಳ್ಳಿಯ ಯಾವ ಕೊಳವೆಬಾವಿ ಯಾವ ತಿಂಗಳು ಕೈಕೊಡುತ್ತದೆಂದು ಆಕೆಯನ್ನು ಕೇಳಿದರೆ ಸಾಕು, ಕಡತ ತೆಗೆಯುವ ತೊಂದರೆಯೇ ಇಲ್ಲ. ಹೋದ ಡಿಸೆಂಬರಿನಲ್ಲಿ ನಾಲ್ಕು ಜಿಲ್ಲೆಗಳಿಗೆ ಒಬ್ಬ ಕ್ಷೇತ್ರ ಮುಖ್ಯಸ್ಥರ ಹುದ್ದೆ ಮಂಜೂರಾಯಿತು. ಮಹಿಳೆಯರಿಗೆ ಆದ್ಯತೆ ಎಂದು ಕೇಂದ್ರ ಕಚೇರಿ ದಪ್ಪಕ್ಷರದಲ್ಲಿ ಬರೆದಿತ್ತು. ಮಂಗಳಗೌರಿ ಅರ್ಜಿ ಹಾಕಿದರು. ಮೂರೇ ದಿನದಲ್ಲಿ ಅದು ತಿರಸ್ಕೃತವಾಗಿ ಬಂತು. ಹೊರ ಊರುಗಳಲ್ಲಿ ತಂಗಿ ಕೆಲಸ ಮಾಡಿದ ಅನುಭವ ಇಲ್ಲ ಎಂಬುದು ಕಾರಣ.

ಆಕೆ ಆ ಕಾಗದ ಹಿಡಿದು ನನ್ನ ಮೇಜಿನ ಮುಂದೆ ಬಂದು ನಿಂತರು. "ಪ್ರತಿ ವರ್ಸ ಪ್ರವಾಸಕ್ಕೆ ನನ್ ಹೆಸ್ರು ಕೊಟ್ಟಿವ್ನಿ. ಒಂದ್ಸಲಾನೂ ಕಳಿಸ್ನಿಲ್ಲ. ಯಾಕೆ ಅಂತ ಕಡತ ನೋಡಿ ಹೇಳಿ ಸಾರ್."

ಕಡತ ನೋಡುವ ಅಗತ್ಯವೇ ಇರಲಿಲ್ಲ. ಆದರೂ ತೆಗೆದೆ, ಸ್ವಲ್ಪ ಹೆಮ್ಮೆಯಿಂದಲೇ ತೆಗೆದೆ. ಏಳು ವರ್ಷದ ಕಾರ್ಯಮೌಲ್ಯಮಾಪನದಲ್ಲೂ ನನ್ನ ಅಕ್ಷರದಲ್ಲಿ ಒಂದೇ ವಾಕ್ಯವಿತ್ತು: "ಸಂಸಾರದ ಜವಾಬ್ದಾರಿ ಇರುವುದರಿಂದ ಇವರನ್ನು ಹೊರ ಊರುಗಳ ಪ್ರವಾಸಕ್ಕೆ ನಿಯೋಜಿಸದಿರುವುದು ಸೂಕ್ತ." ಮೊದಲ ವರ್ಷ ಯೋಚಿಸಿ ಬರೆದಿದ್ದೆ, ಉಳಿದ ಆರು ವರ್ಷ ಹಿಂದಿನದನ್ನು ನೋಡಿ ಇಳಿಸಿದ್ದೆ. ಆಡಳಿತದಲ್ಲಿ ಇದಕ್ಕೆ ಸಂಪ್ರದಾಯ ಎನ್ನುತ್ತಾರೆ.

"ನಿಮ್ಮ ಒಳ್ಳೇದಕ್ಕೇ ಬರೆದದ್ದಮ್ಮ. ಮಕ್ಕಳು ಚಿಕ್ಕವು, ಗಂಡನಿಗೆ ಪಾಳಿ ಕೆಲಸ. ಮನೇಲಿ ಅಡುಗೆ ಗತಿ ಏನು?" ಎಂದೆ.

"ನಮ್ಮನೇವ್ರು ನನಗಿಂತ ಚೆಂದಾಗಿ ಮುದ್ದೆ ತಿರುವ್ತಾರೆ ಸಾರ್. ಮಕ್ಳನ್ನ ನೋಡ್ಕಳಕ್ಕೆ ಅತ್ತೆ ಅವ್ರೆ. ನೀವು ಕೇಳಿದ್ರೆ ಇಷ್ಟನ್ನೂ ಹೇಳ್ತಿದ್ದೆ." ಆಕೆ ಏಳು ಹಾಳೆಗಳನ್ನೂ ಒಂದೊಂದಾಗಿ ತಿರುವಿದರು. "ನನ್ ಕೆಲ್ಸ ಸರಿಗಿಲ್ವೇನೋ, ಅದ್ಕೇ ಕಳಿಸ್ತಿಲ್ಲ ಅಂತ ಏಳು ವರ್ಸ ಅನ್ಕಂಡಿದ್ದೆ. ಮನೇಲೂ ಅಂಗೇ ಹೇಳಿದ್ದೆ. ಹೋಗ್ಲಿ ಬುಡಿ."

ಬೈದಿದ್ದರೆ ನಾನು ಸುಧಾರಿಸಿಕೊಳ್ಳುತ್ತಿದ್ದೆ. ಬೈಸಿಕೊಂಡು ಅಭ್ಯಾಸವಿದೆ. ಈ 'ಹೋಗ್ಲಿ ಬುಡಿ' ಮಾತ್ರ ನನ್ನನ್ನು ಸುಟ್ಟಿತು. ನಿಜವಾಗಿ ನಾಚಿಕೆಯಾಯಿತು. ಎದುರಿನ ಗೋಡೆಯ ಮೇಲೆ ನಾನೇ ಅಂಟಿಸಿದ ಭಿತ್ತಿಪತ್ರದಲ್ಲಿ ಒಬ್ಬ ಹೆಂಗಸು ಏಣಿ ಹತ್ತುತ್ತಿದ್ದಳು, ನಾನು ಕಿಟಕಿಯ ಕಡೆ ನೋಡಿದೆ.

ಇದನ್ನು ಸರಿಪಡಿಸಲು ದಾರಿಯಿದೆಯೇ ಎಂದು ಕೇಂದ್ರ ಕಚೇರಿಗೆ ಬರೆದು ಕೇಳಿದೆ. ಮಾರನೆಯ ದಿನವೇ ಉತ್ತರ ಬಂತು. ಆ ಷರಾ ಬರೆದ ಅಧಿಕಾರಿ, ನೌಕರರನ್ನು ವಿಚಾರಿಸದೆ ತಾನೇ ಊಹಿಸಿ ಬರೆದದ್ದೆಂದು ಸಹಿ ಹಾಕಿ ಕೊಟ್ಟರೆ ಅರ್ಜಿಯನ್ನು ಮತ್ತೆ ಪರಿಶೀಲಿಸುತ್ತಾರಂತೆ. ಶುಕ್ರವಾರ ಸಂಜೆ ಐದರೊಳಗೆ ತಲುಪಬೇಕಂತೆ. ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ. ಯಾಕೆಂದರೆ ಅದೇ ವಾರ ಸಂಸ್ಥೆಯ ವಾರ್ಷಿಕ ಸಂಚಿಕೆಗೆ ಆದರ್ಶ ಸಮಾನತಾ ಅಧಿಕಾರಿಯೆಂದು ನನ್ನ ಭಾವಚಿತ್ರ ತರಿಸಿಕೊಂಡಿದ್ದರು. ಅದಕ್ಕಾಗಿ ಮೀಸೆಗೆ ಬಣ್ಣ ಹಚ್ಚಿಸಿಕೊಂಡಿದ್ದೆ.

ಪ್ರಸನ್ನಕುಮಾರರನ್ನು ಕೇಳಿದೆ. "ಬರ್ಕೊಟ್ರೆ ಶಾಖೆಗೇ ಕೆಟ್ಟ ಹೆಸರು ಕಣ್ರೀ. ಆಯಮ್ಮನಿಗೆ ಮುಂದಿನ ವರ್ಷ ನೋಡೋಣ. ಈ ಸಲ ಮಹಿಳಾ ದಿನಕ್ಕೆ ಸನ್ಮಾನ ಮಾಡಿಬಿಡಿ, ಒಂದು ಶಾಲು, ಒಂದು ಹಾರ," ಎಂದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅರ್ಧ ದಿನ ನಾನು ಶಾಲಿನ ಬಣ್ಣ ಯೋಚಿಸಿದೆ.

ಶುಕ್ರವಾರ ಮೂರು ಗಂಟೆಗೆ ಮಂಗಳಗೌರಿ ನೀರಿನ ಪರೀಕ್ಷೆಯ ವರದಿ ತಂದಿಟ್ಟರು. ಹುದ್ದೆಯ ಮಾತೆತ್ತಲಿಲ್ಲ. ಎಂದಿನಂತೆ ಕೊನೆಯಲ್ಲಿ ನನ್ನ ಹೆಸರನ್ನೇ ಟೈಪು ಮಾಡಿದ್ದರು, ನಾನು ಸಹಿ ಹಾಕುವುದಷ್ಟೇ ಬಾಕಿ. ಏಳು ವರ್ಷದಿಂದ ಆಕೆ ಬರೆದದ್ದಕ್ಕೆಲ್ಲ ಹೀಗೆ ಸಹಿ ಹಾಕಿ ಒಳ್ಳೆಯ ಹೆಸರು ತೆಗೆದುಕೊಂಡವನು ನಾನು, ನಾನೇ ಬರೆದದ್ದಕ್ಕೆ ಒಂದು ಸಹಿ ಹಾಕಲು ಮೂರು ದಿನದಿಂದ ಒದ್ದಾಡುತ್ತಿದ್ದೆ. ನಾಲ್ಕು ಸಾಲಿನ ತಪ್ಪೊಪ್ಪಿಗೆ ಬರೆದು ನಾಲ್ಕೂವರೆಗೆ ಕಳುಹಿಸಿದೆ. ಸಂಚಿಕೆಯಲ್ಲಿ ನನ್ನ ಭಾವಚಿತ್ರ ಬರಲಿಲ್ಲ. ಜನವರಿ ಮುಗಿಯುವ ಮೊದಲು ಮಂಗಳಗೌರಿಗೆ ನೇಮಕದ ಆದೇಶ ಬಂತು. ಆಕೆ ಮೊದಲ ಪ್ರವಾಸಕ್ಕೆ ಜೀಪು ಹತ್ತುವಾಗ ನಾನು ಬಾಯಿತಪ್ಪಿ, "ಮನೇಲಿ ಊಟಕ್ಕೆ?" ಎಂದುಬಿಟ್ಟೆ. "ನೀವು ಬೆಂಗ್ಳೂರಿಗೆ ತರಬೇತಿಗೆ ಹೋದಾಗ ನಿಮ್ಮನ್ನ ಯಾರಾರ ಕೇಳಿದ್ರಾ ಸಾರ್?" ಎಂದು ನಗುತ್ತಾ ಹೊರಟರು.

ಆ ಸಂಜೆ ಮನೆಗೆ ಹೋದವನು ವಿಶಾಲಾಕ್ಷಿಗೆ ಎಲ್ಲವನ್ನೂ ಹೇಳಿದೆ. ಅವಳು ಅವರೆಕಾಳು ಹಿಸುಕುತ್ತಾ ಕೂತಿದ್ದಳು. ತಪ್ಪು ಮಾಡಿದ ಭಾಗವನ್ನು ಬೇಗ ದಾಟಿ, ತಪ್ಪೊಪ್ಪಿಕೊಂಡ ಭಾಗವನ್ನು ನಿಧಾನವಾಗಿ ವರ್ಣಿಸಿದೆ. ಎಷ್ಟು ಗಂಡಸರಿಗೆ ಇಷ್ಟು ಧೈರ್ಯವಿರುತ್ತದೆ ಎಂದೂ ಸೇರಿಸಿದೆ.

"ನಂಜನಗೂಡು ಜ್ಞಾಪಕ ಇದೆಯಾ?" ಎಂದಳು ವಿಶಾಲಾಕ್ಷಿ.

ದೇವಸ್ಥಾನಕ್ಕೆ ಹೋಗಿದ್ದನ್ನು ಕೇಳುತ್ತಿದ್ದಾಳೆಂದುಕೊಂಡೆ.

"ನಮ್ಮ ಶಾಲೆಯವರು ಅಲ್ಲೊಂದು ಶಾಖೆ ತೆಗೆದ್ರಲ್ಲ, ಆಗ ಅಲ್ಲಿಗೆ ಹೆಡ್‌ಮಿಸ್ ಆಗಿ ಹೋಗ್ತೀರಾ ಅಂತ ನನ್ನ ಕೇಳೋಕೆ ಫೋನ್ ಮಾಡಿದ್ರು. ನಾನು ಸ್ನಾನಕ್ಕೆ ಹೋಗಿದ್ದೆ. ನೀವು ತಗೊಂಡು, ಅವಳಿಗೆ ದಿನಾ ಅಷ್ಟು ದೂರ ಓಡಾಡೋಕೆ ಆಗಲ್ಲ ಅಂದ್ರಿ. ನಾನು ತಲೆ ಒರೆಸ್ಕೊಂಡು ಬರೋ ಹೊತ್ತಿಗೆ ಮಾತು ಮುಗಿದುಹೋಗಿತ್ತು."

ನನಗೆ ಒಂದಿಷ್ಟೂ ನೆನಪಿರಲಿಲ್ಲ. ಅವಳಿಗೆ ಸ್ನಾನ ಕೂಡ ನೆನಪಿತ್ತು. ಇಪ್ಪತ್ತಾರು ಕಿಲೋಮೀಟರು ಆಚೆಗಿನ ಊರಿಗೆ ನಾನು ಅವಳ ಪರವಾಗಿ ಬೇಡವೆಂದಿದ್ದೆ, ಆಮೇಲೆ ತಿಂಡಿ ತಿಂದು ಕಚೇರಿಗೆ ಹೋಗಿರಬೇಕು.

"ಮಂಗಳಗೌರಿಗೆ ಬರ್ಕೊಟ್ರಲ್ಲ, ಅಂಥದ್ದೊಂದು ಕಾಗದ ನನಗೂ ಬರ್ಕೊಡಿ," ಎಂದಳು.

"ಈಗ ಅದನ್ನ ಯಾರಿಗೆ ಕೊಡ್ತೀಯೆ?"

"ಯಾರಿಗೂ ಇಲ್ಲ. ನನ್ನ ಹತ್ರ ಇರ್ಲಿ."

ಊಟದ ಮೇಜಿನ ಮುಂದೆ ಕೂತು ಬರೆದೆ. ಅವಳು ಕೈ ತೊಳೆದು ಬಂದು, ಮಕ್ಕಳ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನು ತೆಗೆದು, 'ನಿನ್ನ ಒಳ್ಳೆಯದನ್ನೇ ಬಯಸಿ' ಎಂಬ ಮಾತನ್ನು ಹೊಡೆದುಹಾಕಿ ಹಿಂದಕ್ಕೆ ಕೊಟ್ಟಳು. ಎರಡನೆಯ ಪ್ರತಿಯಲ್ಲಿ ಅದನ್ನೇ ಬೇರೆ ಜಾಗದಲ್ಲಿ, ಬೇರೆ ಮಾತಿನಲ್ಲಿ ಸೇರಿಸಿ ನೋಡಿದೆ. ಅದಕ್ಕೂ ಕೆಂಪು ಗೆರೆ ಬಿತ್ತು. ಈಗ ಮೂರನೆಯ ಪ್ರತಿ ಬರೆಯುತ್ತಿದ್ದೇನೆ. ಆ ಒಂದು ಮಾತು ಬಿಟ್ಟರೆ ಕಾಗದದಲ್ಲಿ ನನ್ನ ಪರವಾಗಿ ಏನೂ ಉಳಿಯುವುದಿಲ್ಲ.