ಬಲಗಡೆಯವರಿಗೆ ಮೊದಲು ದಾರಿ

ಯಾರು ಏನು ಕೇಳಿದರೂ ಇಲ್ಲ ಎನ್ನಲು ಬಾರದ ನಾಲಿಗೆಯೇ ಗೈಥನಿಗೆ ಮುಳುವಾಯಿತು. ಬೆಳಿಗ್ಗೆ ಕ್ಯಾಂಟೀನಿನಲ್ಲಿ ಸುಹೈಬ್ ಅವನ ಫಲಾಫೆಲ್ ವಡೆಯಲ್ಲಿ ಅರ್ಧ ಕಿತ್ತುಕೊಂಡು, "ಹಬೀಬಿ, ನಿನ್ನ ರೋಬೋಟಿನ ಪ್ರೋಗ್ರಾಮ್ ಒಂದ್ಸಲ ಕಳ್ಸೋ, ಬರೀ ನೋಡ್ತೀನಿ" ಎಂದ. ಗೈಥ್ ಕಳಿಸಿಬಿಟ್ಟ.

ಕಳಿಸಿದ ಮೇಲೆ ಹೆದರಿಕೆ ಶುರುವಾಯಿತು. ಇರ್ಬಿದ್ ನಗರದ ಆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷದವರು ಕೈಯಾರೆ ರೋಬೋಟ್ ಕಟ್ಟಿಯೇ ಪಾಠ ಕಲಿಯಬೇಕು. ಕಲಿಸುವವರು ಪ್ರೊಫೆಸರ್ ಹೈಫಾ, ಹುಡುಗರ ಬಾಯಲ್ಲಿ ದುಕ್ತೂರಾ. ಇವತ್ತು ಪರೀಕ್ಷೆ. ಎರಡು ರೋಬೋಟುಗಳು ಕಿರಿದಾದ ರಟ್ಟಿನ ಬಾಗಿಲಿಗೆ ಎದುರುಬದುರಾಗಿ ಬರಬೇಕು, ಡಿಕ್ಕಿಯಾದರೆ ಫೇಲು. ನಕಲಿನ ನಿಯಮ ಇನ್ನೂ ಘೋರ: ಬಳಸಿದವನೂ, ಅವನು ಬಳಸಲಿ ಬಿಡಲಿ ಕೊಟ್ಟವನೂ ಇಡೀ ವರ್ಷ ಮತ್ತೆ ಓದಬೇಕು.

"ಹೋದ ವರ್ಷ ಸಿಕ್ಕಿಬಿದ್ದವನು ಈಗ ಅವರಪ್ಪನ ಜೊತೆ ಟೈರ್ ಮಾರ್ತಿದಾನೆ," ಎಂದಳು ಲ್ಯಾಬಿನಲ್ಲಿ ಪಕ್ಕದ ಮೇಜಿನ ಲಮೀಸ್, ಯಾರೂ ಕೇಳದೆಯೇ. "ಯಾಕೋ, ನಡುಗ್ತಿದೀಯ?"

"ಸೆಖೆ," ಎಂದ ಗೈಥ್.

ಚೀಟಿ ಎತ್ತಿದಾಗ ಅವನಿಗೆ ಎದುರಾಳಿಯಾಗಿ ಬಂದವನು ಸುಹೈಬನೇ.

ರೋಬೋಟುಗಳು ಹೊರಟವು, ಬಾಗಿಲ ಬಳಿ ಒಟ್ಟಿಗೆ ನಿಂತವು. ಇಬ್ಬರು ಬಾಗಿಲಲ್ಲಿ ಸೇರಿದರೆ ಬಲಗಡೆಯವರು ಮೊದಲು ಎನ್ನುವುದು ಅಲ್ಲಿನ ಮರ್ಯಾದೆ; ಗೈಥ್ ತನ್ನ ರೋಬೋಟಿಗೂ ಅದನ್ನೇ ಕಲಿಸಿದ್ದ. ಈಗ ಎರಡಕ್ಕೂ ಎದುರಿನದು ತನ್ನ ಬಲಗಡೆಯೇ ಇರುವಂತೆ ಕಾಣಿಸಿ, ಎರಡೂ ದಾರಿ ಬಿಟ್ಟು ಹಿಂದೆ ಸರಿದವು. ಮತ್ತೆ ಬಂದವು, ಮತ್ತೆ ಸರಿದವು, ಬೀಗರ ಮನೆಯಲ್ಲಿ ಮೊದಲು ಊಟಕ್ಕೆ ಕೂರಲು ಸಂಕೋಚಪಡುವ ಹಿರಿಯರ ಹಾಗೆ. ಲ್ಯಾಬೆಲ್ಲ ನಗುತ್ತಿತ್ತು. ಎರಡರದೂ ಒಂದೇ ಪ್ರೋಗ್ರಾಮ್ ಎಂದು ಎಳೆಮಗುವಿಗೂ ಗೊತ್ತಾಗುತ್ತದೆ ಎನಿಸಿತು ಗೈಥನಿಗೆ.

ದುಕ್ತೂರಾ ಎದ್ದು ಬಂದರು.

"ಗೈಥ್..."

"ತಪ್ಪಾಯ್ತು ದುಕ್ತೂರಾ! ಅವ್ನು ಕೇಳ್ದ, ಬೆಳಿಗ್ಗೆ ನಾನೇ ಕಳಿಸ್ದೆ! ವಲ್ಲಾ, ದೇವರಾಣೆ, ಇನ್ಯಾವತ್ತೂ ಕೊಡಲ್ಲ!"

ನಗು ನಿಂತಿತು. ಸುಹೈಬ್ ಹಣೆ ಚಚ್ಚಿಕೊಂಡ. "ಅಯ್ಯೋ ಮಂಕೇ! ನಿಂದನ್ನ ನಾನು ತೆರೆದೇ ಇಲ್ಲ ಕಣೋ. ನಿನ್ನೆ ನಿನ್ನ ರೋಬೋಟ್ ಗೋಡೆಗೆ ಗುದ್ದಿದ್ದು ನೋಡಿ ಧೈರ್ಯ ಬರ್ಲಿಲ್ಲ. ಬಲಗಡೆಯವ್ರು ಮೊದ್ಲು ಅಂತ ನಮ್ಮಜ್ಜಿನೂ ಹೇಳ್ಕೊಟ್ಟಿದಾಳೆ!"

ದುಕ್ತೂರಾ ಎರಡೂ ಪ್ರೋಗ್ರಾಮ್ ತೆರೆಸಿ ನೋಡಿದರು. ಒಂದು ಸಾಲಿಗೂ ಇನ್ನೊಂದಕ್ಕೂ ಸಂಬಂಧವಿರಲಿಲ್ಲ.

"ಡಿಕ್ಕಿ ಆಗ್ಲಿಲ್ಲ, ಇಬ್ರೂ ಪಾಸ್ ಅಂತ ಹೇಳೋಕೆ ಎದ್ದು ಬಂದಿದ್ದೆ ಮಗನೇ," ಎಂದರು ನಿಟ್ಟುಸಿರುಬಿಟ್ಟು. "ಅವನು ಬಳಸಿಲ್ಲ, ಪಾಸ್. ನೀನು ಕೊಟ್ಟಿದೀಯ, ಅದನ್ನ ನೀನೇ ಊರಿಗೆಲ್ಲ ಕೇಳೋ ಹಾಗೆ ಕೂಗಿದೀಯ. ಮುಂದಿನ ವರ್ಷ ಬಾ."