ಬರೆದಂತೆಯೇ ಕಟ್ಟಿದ ಹಸಿರುಮನೆ

ಇನ್ನೊಬ್ಬರು ಕಟ್ಟಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ ಕೊಡುವ ಪದ್ಧತಿ ಇಲ್ಲದಿದ್ದರೆ ನನ್ನಂಥವರ ಗತಿ ಏನಾಗುತ್ತಿತ್ತೋ ಎಂದು ಆಗಾಗ ಯೋಚಿಸುತ್ತೇನೆ. ನನ್ನ ಮನೆ ಇಳಕಲ್ಲಿನಲ್ಲಿ. ನೌಕರಿ, ದಿನಾ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಒಂದು ಸರ್ಕಾರಿ ಕಚೇರಿಯಲ್ಲಿ. ಕಚೇರಿ ಇರುವ ಊರಿನ ಹೆಸರು ಬೇಡ. ನನ್ನ ಗುರುತು ಹಿಡಿದು ಜಗಳಕ್ಕೆ ಬರುವವರು ಈಗಾಗಲೇ ಸಾಕಷ್ಟಿದ್ದಾರೆ. ಹಸಿರುಮನೆ ಕಟ್ಟಿಕೊಳ್ಳಲು ಸಹಾಯಧನ ಕೇಳಿ ರೈತರು ಹಾಕುವ ಅರ್ಜಿಗಳು ಮೊದಲು ನನ್ನ ಮೇಜಿಗೆ ಬರುತ್ತವೆ. ನಾನು ನಕಾಶೆ ನೋಡಿ, ಅಂಚಿನಲ್ಲಿ ಕೆಂಪು ಶಾಯಿಯಿಂದ ಒಂದು ಷರಾ ಬರೆದು ಹಿಂದಕ್ಕೆ ಕಳಿಸುತ್ತೇನೆ. ಷರಾ ಇಲ್ಲದೆ ಮುಂದೆ ಕಳಿಸಿದರೆ ನಾನು ನೋಡಿಯೇ ಇಲ್ಲವೆಂದು ಮೇಲಿನವರು ತಿಳಿಯುತ್ತಾರಲ್ಲ! 'ಕಂಬಗಳ ಅಂತರ ಸರಿಯಿಲ್ಲ, ಸರಿಪಡಿಸುವುದು.' 'ಗಾಳಿಗೆ ಬಿಟ್ಟ ಜಾಗ ಹೆಚ್ಚಾಗಿದೆ, ಮುಚ್ಚಿಸುವುದು.' ಎಷ್ಟಿದ್ದರೆ ಸರಿ ಎಂದು ಯಾರೂ ಕೇಳಿಲ್ಲ. ಕೇಳಿದ್ದರೂ ನನಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ನಾನು ಒಂದೇ ಒಂದು ಹಸಿರುಮನೆಯೊಳಗೂ ಕಾಲಿಟ್ಟವನಲ್ಲ. ಒಳಗೆ ಬಹಳ ಸೆಕೆ ಎಂದು ಕೇಳಿದ್ದೆ.

ಮನೆಯಲ್ಲಿ ಮಾತ್ರ ನನ್ನ ಕೆಂಪು ಶಾಯಿ ನಡೆಯುವುದಿಲ್ಲ. ನಮ್ಮದು ಮಗ್ಗದ ಮನೆತನ. ಅಪ್ಪನ ಕೈಯಲ್ಲಿ ಹರಿದ ಎಳೆ ನೋಡನೋಡುತ್ತಲೇ ಕೂಡುತ್ತಿತ್ತು. ನನ್ನ ಕೈಗೆ ಬಂದರೆ ಕೂಡಿದ ಎಳೆಯೂ ಹರಿಯುತ್ತಿತ್ತು. "ಇವನ್ನ ಸಾಲಿಗೆ ಹಾಕ್ರಿ, ಮಗ್ಗಾರ ಉಳೀತೈತಿ" ಎಂದು ಅಜ್ಜಿ ತೀರ್ಪು ಕೊಟ್ಟಿದ್ದರಿಂದಲೇ ನಾನು ವಿದ್ಯಾವಂತನಾದದ್ದು. ಹೆಂಡತಿ ಸುಮಿತ್ರಾ ಇಂದಿಗೂ ಮಗ್ಗದ ಮುಂದೆ ಕೂಡುತ್ತಾಳೆ. ಮನೆಯಲ್ಲಿ ಗೋಡೆಗೆ ಮೊಳೆ ಬಡಿಯುವವಳೂ ಅವಳೇ. ಮೊಳೆ ಹಿಡಿದುಕೊಳ್ಳುವವನು ನಾನು. ಅದನ್ನೂ ನೆಟ್ಟಗೆ ಹಿಡಿಯುವುದಿಲ್ಲ ಎಂಬುದು ಅವಳ ಷರಾ.

ಯುಗಾದಿ ಮುಗಿದು ಬಿಸಿಲು ಏರಿದ ಮೇಲೆ ಒಂದು ದಿನ ಪೇಟೆಯಿಂದ ನಾನು ತಂದ ಮೆಂತ್ಯ ಸೊಪ್ಪಿನ ಸೂಡು ಮನೆ ಮುಟ್ಟುವಷ್ಟರಲ್ಲಿ ಬಾಡಿ ಹೋಗಿತ್ತು. ಸುಮಿತ್ರಾ ಅದನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದಳು. ನಾನು ತಡೆಯಲಾರದೆ, "ಮಾಳಗಿ ಮ್ಯಾಲೆ ಪೈಪಿನಾಗ ಒಂದು ಹಸರಮನಿ ಕಟ್ಟಿಬಿಡ್ತೇನಿ" ಎಂದೆ. ಅವಳು ನಕ್ಕಳು. "ನೀವು ಕಟ್ಟೂದಾ? ಕಾಗದದ ಮ್ಯಾಲೆ ಕಟ್ರಿ, ಅಲ್ಲೇ ಬೆಳೀರಿ, ಅಲ್ಲೇ ಉಣ್ರಿ." ಮಾತು ನಾಟಿತು. ಸುಳ್ಳಾಗಿದ್ದರೆ ನಾಟುತ್ತಿರಲಿಲ್ಲ. ಐವತ್ತು ದಾಟಿದ ಮೇಲಾದರೂ ಈ ಕೈಗಳಿಂದ ಒಂದು ವಸ್ತು ಎದ್ದು ನಿಲ್ಲಬೇಕು, ಅದನ್ನು ಇವಳು ನೋಡಬೇಕು ಎಂಬ ಹಟ ಹುಟ್ಟಿತು. "ಈ ಬ್ಯಾಸಗ್ಯಾಗ ಪ್ಯಾಟಿಯಿಂದ ಮೆಂತೆಪಲ್ಲೆ ತರೂದಿಲ್ಲ" ಎಂದು ಘೋಷಿಸಿದೆ. "ಹಂಗಾರ ಮೆಂತೆಪಲ್ಲೆ ಉಣ್ಣೂದ ಬಿಟ್ವಿ ಅನ್ರಿ" ಎಂದು ಅವಳು ಒಳಗೆ ಹೋದಳು.

ಹಸಿರುಮನೆಯ ನಕಾಶೆ ಹಾಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಕಾಗದದ ಮೇಲೆ ಅದು ಅರಮನೆಯಂತಿತ್ತು. ಅಳತೆಗೆ ಸರಿಯಾಗಿ ಪ್ಲಾಸ್ಟಿಕ್ ಪೈಪುಗಳನ್ನು ಕತ್ತರಿಸಿದೆ. ಪೈಪಿನ ತುದಿ ಮೂಲೆ ಕೂಡಿಸುವ ಎಲ್ಬೋದೊಳಗೆ ಎರಡು ಬೆರಳಿನಷ್ಟು ಹೋಗುತ್ತದೆ ಎಂಬುದು ನಕಾಶೆಯಲ್ಲಿರಲಿಲ್ಲ. ಮೊದಲು ಅಂಟಿಲ್ಲದೆ ಕೂಡಿಸಿ ನೋಡಿ ಆಮೇಲೆ ಸೊಲ್ಯೂಷನ್ ಹಚ್ಚಬೇಕೆಂದು ಅಂಗಡಿಯವನು ಹೇಳಿದ್ದ. ಅಂಗಡಿಯವನ ಮಾತು ಕೇಳುವ ಜಾಯಮಾನ ನನ್ನದಲ್ಲ, ಹಚ್ಚಿಯೇ ಕೂಡಿಸಿದೆ. ಒಮ್ಮೆ ಅಂಟಿದರೆ ಬ್ರಹ್ಮ ಬಂದರೂ ಬಿಡಿಸಲಾರ. ಒಂದು ಬದಿ ಗಿಡ್ಡ, ಒಂದು ಬದಿ ಎತ್ತರವಾಗಿ, ಇಡೀ ಚೌಕಟ್ಟು ಮಲಗಲೋ ಏಳಲೋ ಎಂದು ವಿಚಾರ ಮಾಡುವ ಎಮ್ಮೆಯ ಹಾಗೆ ಕಾಣುತ್ತಿತ್ತು. ಆದರೂ ನಿಂತಿತು! ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸುವಾಗ ನನ್ನ ಇಪ್ಪತ್ತೆರಡು ವರ್ಷದ ಷರಾಗಳನ್ನೆಲ್ಲ ನೆನೆದು ಒಂದೊಂದನ್ನೂ ಪಾಲಿಸಿದೆ. ಗಾಳಿಗೆ ಎಲ್ಲಿಯೂ ಜಾಗ ಬಿಡಲಿಲ್ಲ. ನಾಲ್ಕೂ ಕಡೆ ಇರುವೆ ನುಸುಳದಂತೆ ಬಿಗಿದೆ. ಒಳಗೆ ಒಂದು ನಿಮಿಷ ಕುಳಿತು ಹೊರಬಂದಾಗ ಮೈಯೆಲ್ಲ ಬೆವರು. ದುಡಿಮೆಯ ಬೆವರು ಎಂದುಕೊಂಡು ಹೆಮ್ಮೆಪಟ್ಟೆ.

ಒಳಗೆ ಮಣ್ಣು ತುಂಬಿದ ಬುಟ್ಟಿಗಳಲ್ಲಿ ಬಿತ್ತಿದ ಮೆಂತ್ಯ ನಾಲ್ಕನೆಯ ದಿನ ಮೊಳೆಯಿತು. ಸುಮಿತ್ರಾಳನ್ನು ಕರೆದು ತೋರಿಸಿದೆ. ಅವಳು ಏನೂ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಅದು ಸನ್ಮಾನಕ್ಕೆ ಸಮ. ಆ ಎರಡು ದಿನ ನಾನು ಬಸ್ಸಿನಲ್ಲಿ ಕಿಟಕಿಯ ಸೀಟು ಸಿಗದಿದ್ದರೂ ಸಂತೋಷವಾಗಿದ್ದೆ. ಏಳನೆಯ ದಿನ ಕಚೇರಿಯಿಂದ ಬಂದು ನೋಡಿದರೆ ಸಸಿಗಳೆಲ್ಲ ಕುದಿಸಿದಂತೆ ಮಣ್ಣಿಗೆ ಅಂಟಿಕೊಂಡಿದ್ದವು. ಸುಮಿತ್ರಾ ಬಗ್ಗಿ ನೋಡಿದಳು. "ಬೇಯಿಸಿದ್ದಽ ಬೆಳದೀರಿ. ಒಗ್ಗರಣಿ ಕೊಟ್ರ ಆತು." ಮತ್ತೆ ಬಿತ್ತಿದೆ. ಮತ್ತೆ ಬೆಂದವು. ಪೇಟೆಯಿಂದ ಪಲ್ಲೆ ತರುವ ಹಾಗಿಲ್ಲ, ಮಾಳಿಗೆಯ ಮೇಲೆ ಬೆಳೆಯುವ ಹಾಗಿಲ್ಲ. ಊಟಕ್ಕೆ ಕುಳಿತಾಗಲೆಲ್ಲ ಅವಳು ತಾಟಿನಲ್ಲಿ ಮೆಂತ್ಯ ಇಡುತ್ತಿದ್ದ ಜಾಗವನ್ನು ಖಾಲಿ ಬಿಟ್ಟು ಬಡಿಸತೊಡಗಿದಳು.

ಹೀಗಿರುವಾಗ ಸಂಗಪ್ಪ ಬಂದ. ನಾನು ಮೂರು ಸಲ ಅರ್ಜಿ ತಿರುಗಿಸಿ ಕಳಿಸಿದ ರೈತ. ಮಗಳ ಮದುವೆಯ ಜವಳಿಗೆಂದು ಮನೆಮಂದಿಯೊಂದಿಗೆ ಇಳಕಲ್ಲಿಗೆ ಬಂದವನು, ಹೆಂಗಸರನ್ನು ಸೀರೆ ಅಂಗಡಿಯಲ್ಲಿ ಬಿಟ್ಟು ನನಗೊಂದು ಲಗ್ನಪತ್ರಿಕೆ ಕೊಡಲು ಮನೆ ಹುಡುಕಿಕೊಂಡು ಬಂದಿದ್ದ. ಹೆಂಗಸರು ಸೀರೆ ಆರಿಸಿ ಮುಗಿಸಲು ಸಂಜೆಯಾಗುತ್ತದೆ, ಅವನಿಗೆ ಅವಸರವಿರಲಿಲ್ಲ. ಚಹಾ ಕುಡಿಸಿ ಸಾಗಹಾಕಬೇಕೆಂದಿದ್ದೆ. ಅಷ್ಟರಲ್ಲಿ ಸುಮಿತ್ರಾ, "ಅಣ್ಣಾರ, ನಮ್ಮನಿಯವರು ಮ್ಯಾಲೆ ಹಸರಮನಿ ಕಟ್ಯಾರ, ನೋಡ್ಬರ್ರಿ" ಎಂದುಬಿಟ್ಟಳು.

ಸಂಗಪ್ಪ ಅದರ ಸುತ್ತ ಒಂದು ಸುತ್ತು ಹಾಕಿದ. ನಿಂತ. ಇನ್ನೊಂದು ಸುತ್ತು ಹಾಕಿದ. ನಾನು ಇನ್ನೊಬ್ಬರ ಫೈಲಿನ ಹಾಳೆ ತಿರುವುವಾಗ ಎದುರಿಗೆ ನಿಂತವರಿಗೆ ಹೇಗಾಗುತ್ತದೆಂದು ಆಗ ಗೊತ್ತಾಯಿತು.

"ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ. ಒಂದು ಮಾತು ಹೇಳ್ಲ್ಯಾ?"

"ಹೇಳ್ರಿ."

"ನೀವು ಬರದಾಂಗಽ ಕಟ್ಟೀರಿ. ಅದಕ್ಕಽ ಹಿಂಗಾಗೈತಿ."

ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಸಿಟ್ಟು ಮಾಡಿಕೊಂಡು ಪಾರಾಗುತ್ತಿದ್ದೆ. "ನಾನೂ ಹೊಲದಾಗ ಸಸಿಗೆ ಸಣ್ಣದೊಂದು ಮಾಡ್ಕೊಂಡೇನ್ರಿ. ಗಾಳಿಗೆ ಜಾಗಾ ಬಿಟ್ಟೇನಿ. ನೀವು ಮುಚ್ಚು ಅಂತ ಬರದಿದ್ರಲ್ಲ, ಅಷ್ಟಽ ಬಿಟ್ಟೇನಿ" ಎಂದು ಹೇಳುತ್ತ ಅಂಗಿಯ ತೋಳು ಏರಿಸಿ ಚಾಕು ಕೇಳಿದ. ನಾಲ್ಕೂ ಬದಿಯ ಹಾಳೆಯನ್ನು ಕೆಳಗಿನಿಂದ ಮೊಳದಷ್ಟು ಕತ್ತರಿಸಿದ. ಮೇಲಿನದನ್ನು ಪೂರ್ತಿ ತೆಗೆದ. ಸುಮಿತ್ರಾ ತನ್ನ ಸವೆದು ತೆಳ್ಳಗಾದ ನೂಲಿನ ಸೀರೆ ಎರಡು ತಂದು ಕೊಟ್ಟಳು. ಅವು ನೆರಳಿಗೆ ಮೇಲೆ ಹೋದವು. ಡಬ್ಬಗಳಲ್ಲಿ ಉಸುಕು ತುಂಬಿ ಪೈಪಿನ ಕಾಲುಗಳನ್ನು ಅದರಲ್ಲಿ ಹುಗಿದರು. ಅವನು ಕಟ್ಟಿದ, ಅವಳು ಬಿಗಿದಳು. ನಾನು ಹಗ್ಗ ಹಿಡಿದುಕೊಂಡಿದ್ದೆ. "ಸಾಹೇಬ್ರ, ನೆಟ್ಟಗ ಹಿಡೀರಿ" ಎಂದ ಸಂಗಪ್ಪ. ಸುಮಿತ್ರಾ ಮುಖ ತಿರುಗಿಸಿ ಕೆಮ್ಮಿದಳು. ಒಂದು ತಾಸಿನಲ್ಲಿ ಕೆಲಸ ಮುಗಿಯಿತು. ಕೈ ತೊಳೆದುಕೊಂಡು, ಅರ್ಜಿಯ ಬಗ್ಗೆ ಒಂದು ಮಾತೂ ಎತ್ತದೆ, ಮದುವೆಗೆ ಬರಲೇಬೇಕೆಂದು ಹೇಳಿ ಹೋದ. ನನಗೆ ನಾಚಿಕೆಯಾಯಿತು. ಬಾಯಿಬಿಟ್ಟು ಹೇಳುವಷ್ಟು ಆಗಲಿಲ್ಲ, ಅಷ್ಟೇ.

ಮೂರನೆಯ ಸಲ ಬಿತ್ತಿದ ಮೆಂತ್ಯ ಗೇಣುದ್ದ ಎದ್ದು ನಿಂತಿತು. ಅದೇ ವಾರ ಸಂಗಪ್ಪನ ಅರ್ಜಿ ನಾಲ್ಕನೆಯ ಸಲ ನನ್ನ ಮೇಜಿಗೆ ಬಂತು. ನಕಾಶೆ ಹಳೆಯದೇ, ಗಾಳಿಯ ಜಾಗವೂ ಇದ್ದಷ್ಟೇ. ಕೆಂಪು ಪೆನ್ನು ಮುಟ್ಟದೆ ಸಹಿ ಹಾಕಿ ಮುಂದೆ ಕಳಿಸಿದೆ. ಪಕ್ಕದ ಮೇಜಿನ ಹಿರೇಮಠರ ಹುಬ್ಬು ಮೇಲೇರಿತು. "ಷರಾ ಇಲ್ಲದ ಫೈಲ್! ಏನ್ ಕೊಟ್ಟಾನ್ರಿ ಸಂಗಪ್ಪ?" ಇಪ್ಪತ್ತೆರಡು ವರ್ಷ ಸುಮ್ಮಸುಮ್ಮನೆ ಫೈಲು ತಡೆದಾಗ ನನ್ನನ್ನು ಪ್ರಾಮಾಣಿಕನೆಂದ ಮನುಷ್ಯ, ಮೊದಲ ಸಲ ನ್ಯಾಯವಾಗಿ ಬಿಟ್ಟಾಗ ಹೀಗೆ ಕೇಳಿದ. "ಏನೂ ಕೊಟ್ಟಿಲ್ರಿ" ಎಂದೆ.

ಮಧ್ಯಾಹ್ನ ಡಬ್ಬಿ ಬಿಚ್ಚಿದೆವು. ಜೋಳದ ರೊಟ್ಟಿಯ ಪಕ್ಕದಲ್ಲಿ ಸುಮಿತ್ರಾ ಹಸಿ ಮೆಂತ್ಯ ಇಟ್ಟಿದ್ದಳು. ಹಿರೇಮಠರು ಕೇಳದೆ ಒಂದು ಹಿಡಿ ಎತ್ತಿ ಬಾಯಿಗೆ ಹಾಕಿಕೊಂಡರು. "ಭಾಳ ಎಳೇದೈತಿ. ಈ ಬಿಸಲಾಗ ಎಲ್ಲಿ ಸಿಕ್ತ್ರಿ?"

"ನಮ್ಮ ಮಾಳಗಿ ಮ್ಯಾಲಿಂದು. ಹಸರಮನಿ ಕಟ್ಟೇನಲ್ಲ, ಪೈಪಿಂದು."

"ನೀವಽ ಕಟ್ಟೀರಿ?"

ಸಂಗಪ್ಪನ ಹೆಸರು ನಾಲಿಗೆಯ ತುದಿಯವರೆಗೆ ಬಂತು. ರೊಟ್ಟಿಯ ತುತ್ತಿನ ಜೊತೆ ಅದನ್ನು ನುಂಗಿದೆ. "ಹೂಂನ್ರಿ, ನಾನಽ."

"ಹಂಗಾರ ನನಗೂ ಅದರ ನಕಾಶಿ ಕೊಡ್ರಿ. ಹ್ಯಾಂಗ ಕಟ್ಟಬೇಕು ತಿಳಿಸಿ ಹೇಳ್ರಿ."

ನಾನು ಸಾವಕಾಶವಾಗಿ ನೀರು ಕುಡಿದು, ಬಾಯಿ ಒರೆಸಿಕೊಂಡು, ಕನ್ನಡಕ ಏರಿಸಿ ಹೇಳಿದೆ:

"ಒಂದು ಅರ್ಜಿ ಬರದು ಕೊಡ್ರಿ. ನೋಡೋಣು."